ಗುಣಿಸೋರು, ಭಾಗಿಸೋರು

ಆನ್‌ಸೈಟ್ ಹೊರಟವರಿಗೆ ಆಫೀಸಿನಲ್ಲಿ ಎಲ್ಲವನ್ನೂ ಹೇಳಿ ಕಳಿಸ್ತಾರೆ. ವೀಸಾ ಫೋಟೋದ ಸೈಜ್ ಎಷ್ಟಿರಬೇಕು, ಇನ್ಶೂರೆನ್ಸ್ ಪೇಪರ್ ಯಾವ ಬ್ಯಾಗಿನಲ್ಲಿಡಬೇಕು, ಕ್ಲೈಂಟ್ ಮಾತಾಡುವಾಗ ತಲೆಯನ್ನು ಹೇಗೆಲ್ಲ ಅಲ್ಲಾಡಿಸಬಾರದು, ಹೀಗೆ. ಒಂದನ್ನು ಮಾತ್ರ ಯಾರೂ ಹೇಳಿಕೊಡೋದಿಲ್ಲ. ಹೇಳಿಕೊಡುವ ಅಗತ್ಯವೂ ಇಲ್ಲ. ವಿಮಾನ ಇಳಿದು ಮೊದಲ ಅಂಗಡಿಯ ಬೆಲೆಪಟ್ಟಿ ನೋಡಿದ ಕ್ಷಣ ಅದು ತಾನಾಗೇ ಶುರುವಾಗುತ್ತೆ. ಅದೇ ಗುಣಾಕಾರ.

ಒಂದು ಕಾಫಿ 3 ಯೂರೋ. ಪಕ್ಕದಲ್ಲಿ ನಿಂತ ಜರ್ಮನ್ನನಿಗೆ ಅದು 3 ಯೂರೋ ಅಷ್ಟೇ. ನನಗೆ ಅದು 240 ರೂಪಾಯಿ. ಅಲ್ಲಿಗೂ ಲೆಕ್ಕ ನಿಲ್ಲಲ್ಲ. 240 ರೂಪಾಯಿ ಅಂದ್ರೆ ಇಟ್ಟಮಡು ಮೇನ್ ರೋಡಿನಲ್ಲಿ 24 ಟೀ. 24 ಟೀ ಅಂದ್ರೆ ರೂಮಿನಲ್ಲಿದ್ದ ನಾವು ನಾಲ್ಕು ಜನ ಆರು ದಿನ ಕುಡಿಯುವಷ್ಟು. ಇಷ್ಟಾಗುವಷ್ಟರಲ್ಲಿ ಕೌಂಟರಿನ ಹುಡುಗಿ ಎರಡನೇ ಸಲ 'ಏನು ಬೇಕು' ಅಂತ ಕೇಳಿರ್ತಾಳೆ, ಹಿಂದಿನವರು ಗಂಟಲು ಸರಿ ಮಾಡಿಕೊಂಡಿರ್ತಾರೆ, ನಾನು 'ಏನಿಲ್ಲ, ಸುಮ್ನೆ ನೋಡ್ತಿದ್ದೆ' ಅನ್ನೋ ಮುಖ ಮಾಡಿ ಪಕ್ಕಕ್ಕೆ ಸರಿದಿರ್ತೀನಿ.

ಇದು 2014ರ ಮಾತು. ಆಗ ಯೂರೋ 80ರ ಆಸುಪಾಸಿನಲ್ಲಿತ್ತು. ಎಂಬತ್ತರ ಮಗ್ಗಿ ಸುಲಭ, ಎಂಟರ ಮಗ್ಗಿಗೆ ಒಂದು ಸೊನ್ನೆ. 2025ರಲ್ಲಿ ಯೂರೋ ನೂರು ದಾಟಿತು. ರೂಪಾಯಿಗೆ ಕೆಟ್ಟ ಸುದ್ದಿ, ಗುಣಿಸೋರಿಗೆ ಒಳ್ಳೇ ಸುದ್ದಿ. ಎರಡು ಸೊನ್ನೆ ಹಾಕಿದ್ರೆ ಆಯ್ತು, ಮಗ್ಗಿಯೇ ಬೇಡ.

ನಮ್ಮದು ತಿಪಟೂರು ಕಡೆ ಹಳ್ಳಿ. ಕಲ್ಪತರು ನಾಡು ಅಂತ ಬೋರ್ಡು ಹಾಕಿರ್ತಾರಲ್ಲ, ಅದೇ. ಊರಿನಲ್ಲಿ ಎಲ್ಲಾ ಲೆಕ್ಕ ಕೊಬ್ಬರಿಯಲ್ಲೇ. ಅಪ್ಪನಿಗೆ ಹೊಸ ಬೈಕಿನ ರೇಟು ಹೇಳಿ ನೋಡಿ, 'ಅಂದ್ರೆ ಎಷ್ಟು ಕ್ವಿಂಟಾಲು?' ಅಂತಾರೆ. ಕಾಯಿ ಕೆಡವಿಸಿ, ಅಟ್ಟಕ್ಕೆ ಹಾಕಿ, ಹೆಚ್ಚೂಕಮ್ಮಿ ವರ್ಷ ಕಾದು, ಒಳಗೆ ಕೊಬ್ಬರಿ ಗಿಟಕು ಗಿಟಕು ಅಂತ ಅಲ್ಲಾಡುವ ಸದ್ದು ಬಂದ ಮೇಲೆ ಸುಲಿಸಿ, ಒಡೆಸಿ, ಮಂಡಿಗೆ ಹಾಕೋದು. ಮಂಡಿಗೆ ಹೋದ ದಿನ ರೇಟು ಬಿದ್ದಿರಬಹುದು. ಇವತ್ತು ಬಿಡೋದಾ, ಇನ್ನೊಂದು ವಾರ ತಡೆಯೋದಾ? ಈ ಪ್ರಶ್ನೆಯಲ್ಲೇ ಅಪ್ಪ ನಲವತ್ತು ವರ್ಷ ಕಳೆದಿದ್ದಾರೆ. ಫಾರೆಕ್ಸ್ ಟ್ರೇಡಿಂಗ್ ಅಂತ ನಾವು ಯಾವುದಕ್ಕೆ ಹೇಳ್ತೀವೋ ಅದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಟ್ಟ ಒಂದೇ.

ನನ್ನನ್ನು ಕಳಿಸಿಕೊಡೋಕೆ ಅಂತ ಊರಿಂದ ಬಂದ ಅಪ್ಪ, ಯೂರೋ ತಗೊಳ್ಳೋಕೆ ಜಯನಗರದ ಒಂದು ಫಾರೆಕ್ಸ್ ಅಂಗಡಿಗೂ ಜೊತೆಗೆ ಬಂದಿದ್ರು. ಗಾಜಿನ ಬಾಗಿಲು, ಏಸಿ, ಗೋಡೆ ಮೇಲೆ ಕೆಂಪು ಅಕ್ಷರದ ಬೋರ್ಡು. ಒಂದು ಸಾಲಿನಲ್ಲಿ 'ನಾವು ಕೊಳ್ಳುವ ದರ', ಇನ್ನೊಂದು ಸಾಲಿನಲ್ಲಿ 'ನಾವು ಮಾರುವ ದರ'. ಕೆಳಗೆ ದಪ್ಪಕ್ಷರದಲ್ಲಿ 'ಝೀರೋ ಕಮಿಷನ್'. ಅಪ್ಪ ಅದನ್ನು ನನ್ನಿಂದ ಓದಿಸಿಕೊಂಡು ಕೇಳಿದ್ದು ಇಷ್ಟು: 'ಕೊಳ್ಳೋ ರೇಟೂ ಅವನೇ ಬರೀತಾನೆ, ಮಾರೋ ರೇಟೂ ಅವನೇ ಬರೀತಾನೆ, ಇನ್ನು ಕಮಿಷನ್ ಯಾಕೆ ಬೇಕು ಅವನಿಗೆ?' ಹೊರಗೆ ಬಂದ ಮೇಲೆ ಇನ್ನೊಂದು ಮಾತು ಸೇರಿಸಿದ್ರು. 'ಕಮಿಷನ್ ಇಲ್ಲ ಅಂತ ಬೋರ್ಡ್ ಹಾಕಿರೋ ಮಂಡಿಗೆ ನಾನಾಗಿದ್ರೆ ಕಾಯಿ ಹಾಕ್ತಿರಲಿಲ್ಲ.'

ಫಾರೆಕ್ಸ್ ಬಗ್ಗೆ ನಾನು ಆಮೇಲೆ ಓದಿದ್ದೆಲ್ಲ ಈ ಎರಡು ಮಾತಿನ ವಿಸ್ತಾರ ಅಷ್ಟೇ. ಲೆಕ್ಕಕ್ಕೆ ಹೇಳೋದಾದ್ರೆ, ಪೇಪರಿನಲ್ಲಿ ಯೂರೋ 80 ಅಂತಿದ್ರೆ ನಿಮಗೆ ಮಾರುವಾಗ 82, ನಿಮ್ಮಿಂದ ವಾಪಸ್ ಕೊಳ್ಳುವಾಗ 78. ಹೋಗ್ತಾ 2, ಬರ್ತಾ 2. ಕಮಿಷನ್ ಎಲ್ಲೂ ಇಲ್ಲ, ನಾಲ್ಕು ರೂಪಾಯಿ ಎಲ್ಲೋ ಇದೆ. ಅದರ ಮೇಲೆ ಜಿಎಸ್‌ಟಿ ಬೇರೆ, ಎಷ್ಟೇ ಕಡಿಮೆ ತಗೊಂಡ್ರೂ 45 ರೂಪಾಯಿಗೆ ಕಮ್ಮಿ ಇಲ್ಲ. ಏರ್‌ಪೋರ್ಟಿನಲ್ಲಿ ಈ ಅಂತರ ಇನ್ನೂ ಅಗಲ ಆಗುತ್ತೆ. ವಿಮಾನ ಹತ್ತೋ ಮನುಷ್ಯ ಮುಂದಿನ ಅಂಗಡಿಗೆ ಹೋಗಿ ಚೌಕಾಸಿ ಮಾಡಲ್ಲ ಅಂತ ಅವರಿಗೆ ಗೊತ್ತು. ಹಾಗಾಗಿ ಬೇಕಾದ ಕ್ಯಾಶನ್ನು ಊರಲ್ಲೇ, ಎರಡು ಮೂರು ಕಡೆ ಫೋನ್ ಮಾಡಿ ಕೇಳಿ ತಗೊಳ್ಳಿ. ಒಂದು ಪ್ರಯಾಣಕ್ಕೆ ನೋಟಿನ ರೂಪದಲ್ಲಿ 3000 ಡಾಲರ್‌ನಷ್ಟು ಬೆಲೆಯದ್ದನ್ನು ಮಾತ್ರ ಸಾಮಾನ್ಯವಾಗಿ ಕೊಡ್ತಾರೆ, ಮಿಕ್ಕಿದ್ದು ಕಾರ್ಡಿನಲ್ಲಿ.

ಇನ್ನೊಂದು ಬೋನು ಇದೆ. ಅಲ್ಲಿನ ಅಂಗಡಿಯಲ್ಲೋ ಎಟಿಎಂನಲ್ಲೋ ಕಾರ್ಡ್ ಹಾಕಿದಾಗ ಮೆಷಿನ್ ಬಹಳ ಮರ್ಯಾದೆಯಿಂದ ಕೇಳುತ್ತೆ, 'ಯೂರೋದಲ್ಲಿ ಕೊಡ್ತೀರೋ, ನಿಮ್ಮ ರೂಪಾಯಿಯಲ್ಲೇ ಕೊಡ್ತೀರೋ?' ದೂರದ ದೇಶದಲ್ಲಿ ನಮ್ಮ ರೂಪಾಯಿಯ ಚಿಹ್ನೆ ಕಂಡರೆ ನೆಂಟರು ಸಿಕ್ಕಷ್ಟು ಖುಷಿಯಾಗುತ್ತೆ. ಒತ್ತಬೇಡಿ. ರೂಪಾಯಿ ಒತ್ತಿದ್ರೆ ಆ ಮೆಷಿನ್ನಿನವರು ತಮಗೆ ಬೇಕಾದ ದರದಲ್ಲಿ ಗುಣಿಸ್ತಾರೆ. ನಮ್ಮ ಗುಣಾಕಾರವನ್ನು ನಾವೇ ಮಾಡ್ಕೋಬೇಕು, ಬೇರೆಯವರಿಗೆ ಗುತ್ತಿಗೆ ಕೊಡಬಾರದು. ಯಾವಾಗಲೂ ಆ ದೇಶದ ಕರೆನ್ಸಿಯನ್ನೇ ಆರಿಸಿ. ಹಾಗೆ ಮಾಡಿದ್ರೂ ನಮ್ಮ ಬಹಳಷ್ಟು ಕ್ರೆಡಿಟ್ ಕಾರ್ಡುಗಳು 2ರಿಂದ 3.5 ಪರ್ಸೆಂಟ್ ತಮ್ಮ ಪಾಲು ತಗೊಳ್ತವೆ. ಹೊರಡೋ ಮುಂಚೆ ಅದನ್ನೊಂದು ನೋಡಿಕೊಳ್ಳಿ.

ಆಮೇಲೆ ನೋಟು. ನನಗೆ ಕೊಟ್ಟ ಕಟ್ಟಿನಲ್ಲಿ ಒಂದು 500 ಯೂರೋದ ನೋಟಿತ್ತು, ನೇರಳೆ ಬಣ್ಣದ್ದು. ನೋಡೋಕೆ ಬಹಳ ಚಂದ. ಅಲ್ಲಿ ಬೇಕರಿಯಲ್ಲಿ ಅದನ್ನು ತೆಗೆದಾಗ ಅಂಗಡಿಯಾಕೆ ನನ್ನನ್ನೂ ನೋಟನ್ನೂ ನೋಡಿ ಗೋಡೆಯ ಕಡೆ ಬೆರಳು ತೋರಿಸಿದಳು. ದೊಡ್ಡ ನೋಟು ತಗೊಳ್ಳಲ್ಲ ಅಂತ ಚೀಟಿ. ಕಾರ್ಡೂ ತಗೊಳ್ಳಲ್ಲ. ಜರ್ಮನಿ ಅಂದ್ರೆ ಆಗೆಲ್ಲ ಕಾರುಗಳ ಮಟ್ಟಿಗೆ ಇಪ್ಪತ್ತೊಂದನೇ ಶತಮಾನ, ಬೇಕರಿಗಳ ಮಟ್ಟಿಗೆ ಪೂರ್ತಿ ಕ್ಯಾಶ್. ಆ ನೋಟನ್ನು ಒಡೆಸೋಕೆ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಮೂವತ್ತು ಯೂರೋ ಸಾಮಾನು ಕೊಂಡೆ, ಅವರು ಅದನ್ನು ಮೆಷಿನ್ನಿಗೆ ತೂರಿಸಿ, ಮ್ಯಾನೇಜರನ್ನು ಕರೆಸಿ, ಆಮೇಲೆ ಚಿಲ್ಲರೆ ಕೊಟ್ಟರು. ಆ ನೋಟನ್ನು ಹೊಸದಾಗಿ ಹೊರಬಿಡೋದು 2019ರಲ್ಲಿ ನಿಂತುಹೋಯ್ತು. ಆದ್ರೂ ಪಾಠ ಹಳೇದಾಗಿಲ್ಲ: ಚಿಕ್ಕ ನೋಟು ಕೇಳಿ ತಗೊಳ್ಳಿ.

*

ಹಣ, ದುಡ್ಡು, ಕಾಸು ಅಂತ ನಾವು ಒಂದೇ ಅರ್ಥದಲ್ಲಿ ಬಳಸ್ತೀವಿ. ಒಂದು ಕಾಲದಲ್ಲಿ ಇವು ಬೇರೆ ಬೇರೆ ನಾಣ್ಯಗಳ ಹೆಸರು. ಹಣ ಅಂದ್ರೆ ಚಿನ್ನದ್ದು, ಹುಣಸೆಬೀಜಕ್ಕಿಂತಲೂ ಚಿಕ್ಕದು. ಕಾಸು, ದುಡ್ಡು ತಾಮ್ರದವು. ವಿಜಯನಗರಕ್ಕೆ ಬಂದ ವಿದೇಶಿ ಪ್ರಯಾಣಿಕರಿಗೂ ಮೊದಲ ತಲೆನೋವು ಇದೇ ಇದ್ದಿರಬೇಕು. ಹೆರಾತಿನ ದೊರೆ ಶಾರುಖ್‌ನ ರಾಯಭಾರಿಯಾಗಿ 1443ರಲ್ಲಿ ಬಂದ ಅಬ್ದುರ್ ರಜಾಕ್, ಅರಮನೆ ಬೀದಿಗಳ ವರ್ಣನೆ ಜೊತೆಗೆ ಇಲ್ಲಿನ ನಾಣ್ಯದ ಪಟ್ಟಿಯನ್ನೂ ನೀಟಾಗಿ ಬರೆದಿಟ್ಟಿದ್ದಾನೆ. ವರಹದ ಅರ್ಧ ಪರ್ತಾಬ. ಪರ್ತಾಬದ ಹತ್ತನೇ ಒಂದು ಹಣ. ಹಣದ ಆರನೇ ಒಂದು ತಾರ, ಇದು ಬೆಳ್ಳಿಯದ್ದು. ತಾರದ ಮೂರನೇ ಒಂದು ಜಿತಲ್, ಇದು ತಾಮ್ರ. ಲೆಕ್ಕ ಹಾಕಿದ್ರೆ ಒಂದು ವರಹಕ್ಕೆ 360 ಜಿತಲ್. ಇಷ್ಟೂ ನಾಣ್ಯಗಳಲ್ಲಿ ಬಹಳ ಉಪಯೋಗಕ್ಕೆ ಬರೋದು ಹಣವೇ ಅಂತಾನೂ ಬರೀತಾನೆ. ಎಲ್ಲ ಕಾಲದ ಪ್ರಯಾಣಿಕನಿಗೂ ಬೇಕಾದ ಮಾಹಿತಿ ಅದೊಂದೇ. ಯಾವ ನೋಟು ಇಟ್ಕೊಂಡ್ರೆ ಅಂಗಡಿಯವನು ಮುಖ ಸಿಂಡರಿಸಲ್ಲ?

ಅವನ ಬರವಣಿಗೆಯಲ್ಲಿ ನನಗೆ ಬಹಳ ಇಷ್ಟವಾದ ಸಾಲು ಬೇರೆ. ಅರಮನೆಯಿಂದ ಅವನಿಗೆ ಪ್ರತಿದಿನ ಬರ್ತಿದ್ದುದರ ವಿವರ: ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲೆ ಎರಡು ವರಹ ಚಿನ್ನ. ಇದನ್ನು ಓದಿದ ಯಾವ ಸಾಫ್ಟ್‌ವೇರ್ ಎಂಜಿನಿಯರಿಗೂ ಇದು ಏನಂತ ವಿವರಿಸಬೇಕಾಗಿಲ್ಲ. ಪರ್ ಡೀಮ್! ಊಟ ವಸತಿ ಬಿಟ್ಟು ದಿನಕ್ಕೆ 40 ಹಣ. ಪುಣ್ಯಾತ್ಮ ಎಷ್ಟು ಉಳಿಸಿದ ಅಂತ ಮಾತ್ರ ಬರೆದಿಲ್ಲ.

ನಮ್ಮ ಬ್ಯಾಚಿನ ಹಳ್ಳಿ ಹುಡುಗರಿಗೆ ಪರ್ ಡೀಮ್ ಅಂದ್ರೆ ಖರ್ಚಿಗೆ ಕೊಡೋ ದುಡ್ಡಲ್ಲ, ಉಳಿಸೋಕೆ ಕೊಡೋ ದುಡ್ಡು. ಸಂಬಳ ಇಲ್ಲಿ ಬರುತ್ತೆ, ಬಾಡಿಗೆ ಕಂಪನಿ ಕಟ್ಟುತ್ತೆ, ದಿನದ ಭತ್ಯೆಯಲ್ಲಿ ಎಷ್ಟು ತಿನ್ನದೆ ಇರ್ತೀವೋ ಅಷ್ಟು ಉಳೀತು. ನಾವು ಮೂರು ಜನ ಒಂದು ಅಪಾರ್ಟ್‌ಮೆಂಟ್. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಜಾಸ್ತಿ ಹುಳಿಪುಡಿ, ಚಟ್ನಿಪುಡಿ, ಹುರಿದ ರವೆ. ಅಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೆ 25 ಸೆಂಟ್ ಡಿಪಾಸಿಟ್ ಇದೆ, ಖಾಲಿ ಬಾಟಲಿಯನ್ನು ಸೂಪರ್ ಮಾರ್ಕೆಟ್ಟಿನ ಮೆಷಿನ್ನಿಗೆ ಹಾಕಿದ್ರೆ ಚೀಟಿ ಬರುತ್ತೆ, ಅದನ್ನು ಕೊಟ್ಟರೆ ದುಡ್ಡು ವಾಪಸ್. 25 ಸೆಂಟ್ ಅಂದ್ರೆ 20 ರೂಪಾಯಿ! ಶನಿವಾರ ಬೆಳಗ್ಗೆ ನಾವು ಮೂವರು ವಾರದ ಬಾಟಲಿ ತುಂಬಿದ ಚೀಲ ಹೊತ್ತು ಹೋಗ್ತಿದ್ದ ಉತ್ಸಾಹ ನೋಡಿದ್ರೆ ಬನಶಂಕರಿ ಜಾತ್ರೆಗೆ ಹೊರಟ ಹಾಗಿರ್ತಿತ್ತು.

ಶುಕ್ರವಾರ ಸಂಜೆ ಅಲ್ಲಿಯ ಟೀಮಿನವರು ಊಟಕ್ಕೆ ಕರೀತಿದ್ರು. ಒಂದು ವಾರ ಹೊಟ್ಟೆ ಸರಿಯಿಲ್ಲ, ಒಂದು ವಾರ ಇಂಡಿಯಾ ಕಾಲ್, ಒಂದು ವಾರ ಉಪವಾಸ. ಮೂರು ತಿಂಗಳಲ್ಲಿ ಒಂದು ಕೆಫೆಯ ಕುರ್ಚಿ ಮೇಲೆ ಕೂತವನಲ್ಲ ನಾನು. ದಿನಕ್ಕೆ ಸುಮಾರು 25 ಯೂರೋ ಉಳೀತು. 90 ದಿನಕ್ಕೆ 2250. ವಾಪಸ್ ಬಂದು 78ರ ದರದಲ್ಲಿ ಬದಲಾಯಿಸಿದಾಗ ಕೈಗೆ ಬಂದಿದ್ದು ಒಂದೂ ಮುಕ್ಕಾಲು ಲಕ್ಷ ರೂಪಾಯಿ.

ಆ ದುಡ್ಡು ಎಲ್ಲಿಗೆ ಹೋಯ್ತು ಅಂತ ಹೇಳಿಬಿಡ್ತೀನಿ. 2006ರಲ್ಲಿ ನಾನು ಬಿಇ ಸೇರಿದಾಗ ಅಮ್ಮನ ಎರಡೆಳೆ ಸರ ಅಡವಿಗೆ ಹೋಗಿತ್ತು. ಪ್ರತಿವರ್ಷ ಬಡ್ಡಿ ಕಟ್ಟಿ ಅದನ್ನು ಮತ್ತೆ ಅಲ್ಲೇ ಇಟ್ಟು ಬರೋದು. ಯಾವುದಾದ್ರೂ ಮದುವೆಗೆ ಹೊರಟಾಗ ಅಮ್ಮ ಸೆರಗನ್ನು ಕುತ್ತಿಗೆ ಸುತ್ತ ಹೊದ್ದುಕೊಳ್ತಿದ್ದ ರೀತಿಯಲ್ಲೇ ನನಗೆ ಗೊತ್ತಾಗ್ತಿತ್ತು. ಎಂಟು ವರ್ಷ ಹಾಗೇ ಹೊದ್ದರು. ನಾನು ಕುಡಿಯದೇ ಬಿಟ್ಟ ಕಾಫಿಗಳೂ, ಹೊಟ್ಟೆ ಸರಿಯಿಲ್ಲ ಅಂತ ತಪ್ಪಿಸಿದ ಶುಕ್ರವಾರಗಳೂ, ಬಾಟಲಿಯ 25 ಸೆಂಟುಗಳೂ ಸೇರಿ 2014ರ ಜುಲೈನಲ್ಲಿ ಆ ಸರವನ್ನು ಬಿಡಿಸಿಕೊಂಡು ಬಂದವು. ಮಿಕ್ಕಿದ್ದರಲ್ಲಿ ತೋಟದ ಬೋರ್‌ವೆಲ್ಲಿಗೆ ಹೊಸ ಮೋಟರ್ ಬಿತ್ತು.

1991ರಲ್ಲಿ ದೇಶವೂ ಹೀಗೇ ಮಾಡಿತ್ತು. ವಿದೇಶಿ ವಿನಿಮಯ ಬರಿದಾಗಿ, ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಹೊರಗೆ ಕಳಿಸಿ, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಿಂದ ಡಾಲರ್ ಸಾಲ ತಂದರು. ಆ ಸುದ್ದಿ ಓದಿ ಜನ ಅವಮಾನ ಆಯ್ತು ಅಂದರಂತೆ. ಚಿನ್ನ ಅಡವಿಡೋದರಲ್ಲಿ ಅವಮಾನ ಏನಿದೆ ಅಂತ ನಮ್ಮೂರಿನ ಯಾವ ಹೆಂಗಸನ್ನು ಕೇಳಿದ್ರೂ ಹೇಳ್ತಿದ್ರು. ಚಿನ್ನ ಇರೋದೇ ಅದಕ್ಕೆ. ಬಿಡಿಸಿಕೊಳ್ಳದೇ ಇರೋದು ಅವಮಾನ. ಅದರ ಬೆನ್ನಿಗೇ ಬಂದ ಬದಲಾವಣೆಗಳಿಂದ ಬೆಂಗಳೂರಿಗೆ ಸಾಫ್ಟ್‌ವೇರ್ ಕಂಪನಿಗಳು ಹರಿದು ಬಂದವು, ಅದರಲ್ಲೊಂದು ಕುರ್ಚಿ ನನಗೂ ಸಿಕ್ಕಿತು. ದೇಶ ಚಿನ್ನ ಅಡವಿಟ್ಟದ್ದಕ್ಕೂ ಅಮ್ಮ ಸರ ಅಡವಿಟ್ಟದ್ದಕ್ಕೂ ನಂಟು ಇದೆ ಅಂತ ನಾನು ಅಮ್ಮನಿಗೆ ಒಂದ್ಸಲ ವಿವರಿಸಿದೆ. 'ಅವರದ್ದು ಎಷ್ಟು ಬಡ್ಡಿ?' ಅಂತ ಕೇಳಿದ್ರು.

ಹಾಗಾಗಿ, ಪರ್ ಡೀಮ್ ಉಳಿಸೋರನ್ನು ನೋಡಿ ನಗೋ ಜೋಕುಗಳಿಗೆ ನಾನು ನಗೋದಿಲ್ಲ. 'ಯೂರೋಪಿಗೆ ಹೋಗಿ ಉಪ್ಪಿಟ್ಟು ತಿಂದು ಬಂದ್ರು' ಅಂತ ಆಡಿಕೊಳ್ಳೋರು ಇದ್ದಾರೆ. ಹೌದು ಸ್ವಾಮಿ, ಉಪ್ಪಿಟ್ಟು ತಿಂದ್ವಿ. ಆ ಉಪ್ಪಿಟ್ಟು ಈಗ ಅಮ್ಮನ ಕೊರಳಲ್ಲಿದೆ.

*

ಇಷ್ಟು ಗುಣಿಸಿದವನಿಗೆ ಭಾಗಿಸೋದು ಹೇಗಿರುತ್ತೆ ಅಂತ ಗೊತ್ತಾಗಿದ್ದು ವಿಯೆಟ್ನಾಂಗೆ ಹೋದಾಗ. ಈಚೆಗೆ ನಮ್ಮ ಆಫೀಸಿನ ಅರ್ಧ ಜನ ಅಲ್ಲಿಗೇ ಹೋಗೋದು. ಒಂದು ರೂಪಾಯಿಗೆ ಹತ್ತಿರ ಹತ್ತಿರ 300 ಡಾಂಗ್. ಮನಿ ಚೇಂಜರ್ ಅಂಗಡಿಯಿಂದ ಹೊರಬಂದಾಗ ಜೇಬಿನಲ್ಲಿ ಲಕ್ಷಗಟ್ಟಲೆ. ಒಂದು ಬೋಗುಣಿ ನೂಡಲ್ಸ್ ಸೂಪಿಗೆ 50,000 ಅಂತ ನೋಡಿ ಒಮ್ಮೆ ಎದೆ ಧಸಕ್ಕಂದ್ರೂ, ಭಾಗಿಸಿದ್ರೆ 170 ರೂಪಾಯಿ ಒಳಗೆ. 'ಅಯ್ಯೋ ಇಷ್ಟೇನಾ!' ಅಂತ ಇನ್ನೊಂದು ಬೋಗುಣಿ.

ಆದ್ರೆ ಇದರಲ್ಲಿ ಒಂದು ಮೋಸ ಇದೆ. ಜಪಾನಿನಲ್ಲೂ ಭಾಗಿಸಲೇಬೇಕು. ಒಂದು ಯೆನ್ ಒಂದು ರೂಪಾಯಿಗಿಂತ ಕಡಿಮೆ. ಹಾಗಂತ ಟೋಕಿಯೋದಲ್ಲಿ ಯಾವ ಕನ್ನಡಿಗನೂ ಇನ್ನೊಂದು ಬೋಗುಣಿ ಕೇಳಲ್ಲ. ಅಂದ್ರೆ ನೋಟಿನ ಮೇಲಿನ ಸೊನ್ನೆಗೂ ಬಡತನಕ್ಕೂ ಸಂಬಂಧ ಇಲ್ಲ. ನಿಜವಾದ ದರ ಯಾವುದು ಅಂದ್ರೆ, ನನ್ನ ಎಷ್ಟು ನಿಮಿಷದ ದುಡಿಮೆಗೆ ಅಲ್ಲಿ ಒಂದು ಟೀ ಬರುತ್ತೆ, ಅಲ್ಲಿಯವನ ಎಷ್ಟು ನಿಮಿಷದ ದುಡಿಮೆಗೆ ಬರುತ್ತೆ ಅನ್ನೋದು. ಅದನ್ನು ಯಾವ ಫಾರೆಕ್ಸ್ ಅಂಗಡಿಯೂ ಬೋರ್ಡ್ ಮೇಲೆ ಬರೆದಿರಲ್ಲ. ಗುಣಿಸೋರು, ಭಾಗಿಸೋರು ಅಂತ ನಾನು ಹೇಳ್ತಿರೋದು ಆ ದರದ ಮೇಲೆ.

2025ರ ಜುಲೈನಲ್ಲಿ ನಮ್ಮ ಕ್ಲೈಂಟ್ ಕಡೆಯ ಒಬ್ಬ ಜರ್ಮನ್ ಮನುಷ್ಯ ಬೆಂಗಳೂರಿಗೆ ಬಂದಿದ್ದ. ಐವತ್ತು ದಾಟಿದವನು, 2014ರಲ್ಲಿ ನನ್ನನ್ನು ಶುಕ್ರವಾರದ ಊಟಕ್ಕೆ ಕರೀತಿದ್ದವರಲ್ಲಿ ಒಬ್ಬ. ಭಾನುವಾರ ಇಟ್ಟಮಡುವಿನ ನಮ್ಮ ಮನೆಗೆ ಊಟಕ್ಕೆ ಕರೆದೆ. ನಮ್ಮ ದೇಶದಲ್ಲಿ ವಿದೇಶಿಯೊಬ್ಬ ದುಡ್ಡು ಹಿಡಿದು ಓಡಾಡೋದು ಏನು ಅಂತ ನಾನು ಹತ್ತಿರದಿಂದ ನೋಡಿದ್ದು ಆವತ್ತು.

ಮೊದಲೆಲ್ಲ ಇವರ ಕಷ್ಟ ನೋಟಿನದ್ದು. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ ಹಂಪಿ, ಗೋಕರ್ಣದಲ್ಲಿದ್ದ ವಿದೇಶಿಯರ ಪಾಡು ನೆನೆಸಿಕೊಳ್ಳಿ. ಆ ತಿಂಗಳ ಕೊನೆಯಲ್ಲಿ ಅವರಿಗೆ ವಾರಕ್ಕೆ 5000 ರೂಪಾಯಿವರೆಗೆ ಬದಲಾಯಿಸಿಕೊಡೋಕೆ ರಿಸರ್ವ್ ಬ್ಯಾಂಕ್ ಹೇಳಿತು. ನಾವು ಇಲ್ಲಿ ಎಟಿಎಂ ಮುಂದೆ ದಿನಕ್ಕೆ 2000, ಆಮೇಲೆ 2500ಕ್ಕೆ ಕ್ಯೂ ನಿಂತಿದ್ವಿ. ಈಗ ಇವರ ಕಷ್ಟ ನೋಟು ಇಲ್ಲದ್ದು. ಊರೆಲ್ಲ ಯುಪಿಐ, ಯುಪಿಐಗೆ ಇಲ್ಲಿನ ಬ್ಯಾಂಕ್ ಅಕೌಂಟು, ಇಲ್ಲಿನ ಫೋನ್ ನಂಬರು. ಜಿ20 ವರ್ಷದಲ್ಲಿ, 2023ರಲ್ಲಿ, ವಿದೇಶಿ ಪ್ರಯಾಣಿಕರಿಗೆ ಪಾಸ್‌ಪೋರ್ಟ್, ವೀಸಾ ತೋರಿಸಿ ದುಡ್ಡು ತುಂಬಿಸಿಕೊಳ್ಳೋ ಯುಪಿಐ ವ್ಯಾಲೆಟ್ ಬಂತು. ಮೊದಲು ಶುರುವಾದ ಏರ್‌ಪೋರ್ಟುಗಳಲ್ಲಿ ನಮ್ಮದೂ ಒಂದು. ಅದೇ ವರ್ಷ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದಿದ್ದ ಜರ್ಮನಿಯ ಮಂತ್ರಿ ಫೋಲ್ಕರ್ ವಿಸ್ಸಿಂಗ್ ಇಲ್ಲಿನ ತರಕಾರಿ ಅಂಗಡಿಯಲ್ಲಿ ಯುಪಿಐನಲ್ಲಿ ದುಡ್ಡು ಕೊಟ್ಟು ಬೆರಗಾದ ಫೋಟೋ ನೀವೂ ನೋಡಿರ್ತೀರಿ. ನಮ್ಮ ಅತಿಥಿಯೂ ಆ ವ್ಯಾಲೆಟ್ ಮಾಡಿಸಿಕೊಂಡು, ನಮ್ಮ ಮಂತ್ರಿಗಿಂತ ನಾನೇನು ಕಮ್ಮಿ ಅಂತ ಫೋನ್ ಹಿಡಿದು ಬಂದಿದ್ದ.

ಊಟ ಆಯ್ತು, ನಿದ್ದೆ ಆಯ್ತು, ಸಂಜೆ ಟೀಗೆ ಅಂತ ಮೇನ್ ರೋಡಿಗೆ ಕರ್ಕೊಂಡು ಹೋದೆ. ಅಂಗಡಿ ಮುಂದೆ ರಟ್ಟಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ ಬೋರ್ಡು: 'ನೋ ಯುಪಿಐ. ಓನ್ಲಿ ಕ್ಯಾಶ್.' ಆ ತಿಂಗಳು ನಿಮಗೂ ನೆನಪಿರಬೇಕು. ಯುಪಿಐನಲ್ಲಿ ಬಂದ ದುಡ್ಡಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆಯ ನೋಟಿಸ್ ಹೋಗಿ, ಊರ ತುಂಬ ಕ್ಯೂಆರ್ ಕೋಡಿನ ಮೇಲೆ ಪೇಪರ್ ಅಂಟಿತ್ತು. ಅವನ ಹತ್ತಿರ ಇದ್ದದ್ದು ಎಟಿಎಂನಿಂದ ತೆಗೆದ 500ರ ನೋಟುಗಳು. ನನ್ನ ಹತ್ತಿರ ಇದ್ದದ್ದು ಫೋನು. ಎರಡು ಟೀ, 30 ರೂಪಾಯಿ. ಅಂಗಡಿಯವರು 500ರ ನೋಟನ್ನು ನೋಡಿ, ಗಲ್ಲಾ ತೆಗೆದು ನೋಡಿ, ಅವನನ್ನು ನೋಡಿ, 'ಇರ್ಲಿ ಬಿಡಿ ಸಾರ್, ನಾಳೆ ಕೊಡಿ' ಅಂದ್ರು.

ಅವನಿಗೆ ಅನುವಾದ ಮಾಡಿ ಹೇಳಿದೆ. 'ನಾನು ಗುರುವಾರ ಹೊರಡ್ತೀನಿ, ಅವರಿಗೆ ಗೊತ್ತಾ?' ಅಂದ. ಗೊತ್ತಿಲ್ಲ, ಕೇಳೋದೂ ಇಲ್ಲ ಅಂದೆ. ದಾರಿಯುದ್ದಕ್ಕೂ ಅದೇ ಯೋಚನೆ ಅವನಿಗೆ. ನಮ್ಮ ಊರಲ್ಲಿ ಮೂವತ್ತು ವರ್ಷದಿಂದ ಹೋಗೋ ಬೇಕರಿಯಲ್ಲೂ ನನಗೆ ಹೀಗೆ ಯಾರೂ ಹೇಳಿಲ್ಲ ಅಂದ. ಬುಧವಾರ ಆಫೀಸಿನಲ್ಲಿ ಎಲ್ಲೋ ಚಿಲ್ಲರೆ ಸಂಪಾದಿಸಿಕೊಂಡು ಬಂದು, ಹತ್ತರ ಮೂರು ನೋಟು ನನ್ನ ಕೈಗೆ ಎಣಿಸಿ ಕೊಟ್ಟ. ನಾನು ಅಂಗಡಿಯವರಿಗೆ ಭಾನುವಾರ ರಾತ್ರಿಯೇ ಕೊಟ್ಟಿದ್ದೆ. ಅದನ್ನು ಹೇಳದೆ ಅವನ ನೋಟು ತಗೊಂಡೆ. ಅವನ ಲೆಕ್ಕದಲ್ಲಿ ಅದು 30 ಸೆಂಟ್. ಅವನೂರಿನ ಫುಟ್‌ಪಾತಿನಲ್ಲಿ ಬಿದ್ದಿದ್ರೆ ಬಗ್ಗಿ ಎತ್ತಿಕೊಳ್ತಿದ್ದನೋ ಇಲ್ಲವೋ. ಆದ್ರೆ ಆ 30 ರೂಪಾಯಿಯನ್ನು ಅವನು ಭಾಗಿಸಿರಲಿಲ್ಲ. ಟೀ ಅಂಗಡಿಯವರಿಗೆ ಅದು ಎಷ್ಟೋ ಅಷ್ಟೇ ಅಂತ ಇಟ್ಟುಕೊಂಡಿದ್ದ.

ಅದೇ ಮನುಷ್ಯ ಹಿಂದಿನ ದಿನ ಆಟೋದವರು 100 ರೂಪಾಯಿ ಹೆಚ್ಚಿಗೆ ಕೇಳಿದಾಗ ಯೋಚನೆಯಿಲ್ಲದೆ ಕೊಟ್ಟು ಬಂದಿದ್ದ, 'ಒಂದೇ ಯೂರೋ ಅಲ್ವಾ' ಅಂತ. ಭಾಗಿಸೋರ ಗುಣವೇ ಅದು. ಕೆಟ್ಟತನ ಅಲ್ಲ. ಆದ್ರೆ ಅವನ ಹಿಂದೆ ಬಂದ ಸ್ಥಳೀಯನಿಗೆ ಅದೇ ರೇಟು ನಿಲ್ಲುತ್ತೆ.

ಇದನ್ನು ಬರೀತಾ ಅಪ್ಪನ ಇನ್ನೊಂದು ಜಗಳ ನೆನಪಾಗುತ್ತೆ. ವೀಕೆಂಡಿಗೆ ಊರಿಗೆ ಬರೋ ಬೆಂಗಳೂರಿನ ಹುಡುಗರ ಮೇಲೆ ಅಪ್ಪನಿಗೆ ಸಿಟ್ಟು. ಕಾಯಿ ಕೀಳೋರಿಗೆ, ಗೊಬ್ಬರ ಹೊರೋರಿಗೆ ಇವರು ಕೇಳಿದಷ್ಟು ಕೊಟ್ಟು ಹೋಗ್ತಾರೆ. 'ನೀವು ನಿಮ್ಮ ಸಂಬಳದಲ್ಲಿ ಭಾಗ ಹಾಕಿ ಕೊಟ್ಟು ಹೋಗ್ತೀರಿ. ಸೋಮವಾರ ಅದೇ ರೇಟು ನನ್ನ ಕೇಳ್ತಾರೆ. ನಾನು ಕೊಬ್ಬರಿಯಲ್ಲಿ ಕೊಡಬೇಕು ಕಣೋ.' ನಾನು ಒಪ್ಪಲ್ಲ. ನಲವತ್ತಡಿ ಮರ ಹತ್ತೋನಿಗೆ ಎಷ್ಟು ಕೊಟ್ಟರೂ ಕಡಿಮೆಯೇ, ಅವನಿಗೂ ಮಕ್ಕಳ ಫೀಸ್ ಇದೆ ಅಂತ ವಾದ ಮಾಡ್ತೀನಿ. ಅಪ್ಪನೂ ಒಪ್ಪಲ್ಲ. ಇಬ್ಬರದ್ದೂ ನಿಜವೇ. ಬೆಂಗಳೂರಿನ ರೂಪಾಯಿಗೂ ನಮ್ಮೂರಿನ ರೂಪಾಯಿಗೂ ನಡುವೆ ಒಂದು ವಿನಿಮಯ ದರ ಇದೆ. ಎರಡರ ಮೇಲೂ ಗಾಂಧೀಜಿ ಒಂದೇ ಥರ ನಗ್ತಾರೆ ಅನ್ನೋದರಿಂದ ನಮಗೆ ಅದು ಕಾಣಲ್ಲ. ಇಟ್ಟಮಡುವಿನಲ್ಲೂ ಅಷ್ಟೇ. ನಮ್ಮಂಥವರು ಬಂದು 'ಅಷ್ಟೇನಾ' ಅಂದ ಬಾಡಿಗೆಗೆ, ಮೊದಲಿಂದ ಇದ್ದ ಗಾರ್ಮೆಂಟ್ಸ್ ಕೆಲಸದ ಸಂಸಾರಗಳು ಹೊಸಕೆರೆಹಳ್ಳಿ ದಾಟಿ ಇನ್ನೂ ಆಚೆ ಹೋದವು. ಏರ್‌ಪೋರ್ಟಿಗೆ ಹೋಗದೇ ಇರೋ ಜನರೂ ಹೀಗೆ ವಿದೇಶಿಯರಾಗಿಬಿಡ್ತಾರೆ.

*

ಉಳಿದ ದುಡ್ಡಿನ ವಿಚಾರ ಹೇಳಿ ಮುಗಿಸ್ತೀನಿ. ವಾಪಸ್ ಬಂದ ಮೇಲೆ ಮಿಕ್ಕ ವಿದೇಶಿ ನೋಟುಗಳನ್ನು 180 ದಿನದೊಳಗೆ ಬ್ಯಾಂಕಿಗೋ ಅಧಿಕೃತ ಫಾರೆಕ್ಸ್‌ನವರಿಗೋ ಕೊಡಬೇಕು. 2000 ಡಾಲರ್‌ನಷ್ಟು ಬೆಲೆಯದ್ದನ್ನು ಮುಂದಿನ ಪ್ರಯಾಣಕ್ಕೆ ಅಂತ ಇಟ್ಟುಕೊಳ್ಳಬಹುದು. ಚಿಲ್ಲರೆ ನಾಣ್ಯಕ್ಕೆ ಮಾತ್ರ ಮಿತಿಯೇ ಇಲ್ಲ, ಎಷ್ಟಾದ್ರೂ ಇಟ್ಕೊಳ್ಳಿ. ಈ ಕಾನೂನು ಬರೆದವರಿಗೂ ಮನೆಯಲ್ಲಿ ಅಮ್ಮ ಇದ್ದಿರಬೇಕು. ನಾಣ್ಯವನ್ನು ಯಾವ ಫಾರೆಕ್ಸ್ ಅಂಗಡಿಯೂ ವಾಪಸ್ ತಗೊಳ್ಳಲ್ಲ, ಅವು ಹೋಗಿ ಸೇರೋದು ಅಡುಗೆಮನೆಯ ಸಾಸಿವೆ ಡಬ್ಬಿಗೆ. ನಮ್ಮಮ್ಮನ ಡಬ್ಬಿಯಲ್ಲಿ ಯೂರೋ ಸೆಂಟುಗಳ ಜೊತೆ ತೂತಿರುವ ಯೆನ್ ನಾಣ್ಯವೂ ಇದೆ. ಅದಕ್ಕೆ ದಾರ ಪೋಣಿಸಿ ತಂಗಿಯ ಮಗುವಿನ ತೊಟ್ಟಿಲಿಗೆ ಕಟ್ಟಿದ್ದರು.

ನಮ್ಮ ಟೀಮಿನ ಒಬ್ಬ ಹುಡುಗ, ಚಳ್ಳಕೆರೆ ಕಡೆಯವನು, ಮೊದಲ ಸಲ ಹೊರಟಿದ್ದಾನೆ. ಮೂರು ತಿಂಗಳು. 'ಅಣ್ಣ, ಎಷ್ಟು ಉಳಿಸಬಹುದು?' ಅಂತ ಕೇಳಿದ. ಹೇಳಿದೆ. ಚಿಕ್ಕ ನೋಟು, ಎರಡು ಕಾರ್ಡು, ಮೆಷಿನ್ ಕೇಳಿದ್ರೆ ಯೂರೋ ಒತ್ತು, ಬಾಟಲಿ ಬಿಸಾಕಬೇಡ, ಎಲ್ಲಾ ಹೇಳಿದೆ. ಗುಣಿಸಬೇಡ ಅಂತ ಮಾತ್ರ ಹೇಳಲಿಲ್ಲ. ಅವನ ಮನೆಯಲ್ಲಿ ಏನು ಅಡವಿದೆಯೋ ನನಗೇನು ಗೊತ್ತು. ಶುಕ್ರವಾರ ಅವರು ಊಟಕ್ಕೆ ಕರೀತಾರೆ, ತಿಂಗಳಿಗೊಂದು ಸಲ ಹೋಗು ಅಂದೆ. ಆ ಒಂದು ಊಟದ ಲೆಕ್ಕ ನನ್ನದು, ಬಂದ ಮೇಲೆ ಕೊಡ್ತೀನಿ, ಯೂರೋದಲ್ಲೇ ಬರ್ಕೋ ಅಂದೆ.